ಎದ್ದು ಬಂದವನು

ಈ ಸಲ ಹೇಳಿಯೇಬಿಡಬೇಕು ಎಂದು ಅವನು ಬೆಳಿಗ್ಗೆ ಹಲ್ಲುಜ್ಜುವಾಗಲೇ ತೀರ್ಮಾನಿಸಿದ್ದ. ಚೆನ್ನಾಗಿಲ್ಲದಿದ್ದರೆ ಚೆನ್ನಾಗಿಲ್ಲ ಅನ್ನುವುದು. ಅದರಲ್ಲೇನು ಮಹಾ, ಯಾರ ತಲೆ ಹೋಗುತ್ತದೆ? ಕನ್ನಡಿಯೆದುರು ಒಮ್ಮೆ ಹೇಳಿ ನೋಡಲು ಹೋದ. ಮಾತು ಬರಲಿಲ್ಲ, ನೊರೆ ಬಂತು. ಬಾಯಿ ಮುಕ್ಕಳಿಸಿ ಮತ್ತೆ ಹೇಳಿದ: "ನನಗೆ ಇಷ್ಟ ಆಗಲಿಲ್ಲ." ಕನ್ನಡಿಯಲ್ಲಿದ್ದವನು ಯಾರಿಂದಲೋ ಬೈಸಿಕೊಂಡು ನಿಂತವನ ಹಾಗೆ ಕಂಡ. ಐವತ್ತರ ಹತ್ತಿರ ಬಂದ ಗಂಡಸು, ದಿನವಿಡೀ ಕನ್ನಡಕದ ಅಂಗಡಿಯಲ್ಲಿ ಕೂತು ಜನರ ಕಣ್ಣು ಪರೀಕ್ಷಿಸಿ ಹೊಟ್ಟೆ ಹೊರೆಯುವವನು, ಒಂದು ಸಿನಿಮಾದ ಬಗ್ಗೆ ಬಾಯಿ ಬಿಡಲು ಹೀಗೆ ತಾಲೀಮು ಮಾಡಬೇಕೇ ಎಂದು ತನ್ನ ಮೇಲೆಯೇ ಸಿಟ್ಟು ಬಂತು. ಆದರೆ ವಿಷಯ ಸಿನಿಮಾದ್ದಷ್ಟೇ ಆಗಿರಲಿಲ್ಲ. ಎರಡು ವಾರಕ್ಕೊಮ್ಮೆ, ಭಾನುವಾರ ಮಧ್ಯಾಹ್ನ, ಮಗಳು ಅವನ ಪಾಲಿಗೆ ಬರುತ್ತಿದ್ದಳು. ಮೊನ್ನೆ ಅವಳ ತಾಯಿ ಫೋನಿನಲ್ಲಿ, ದನಿ ಏರಿಸದೆ, ನಾಳೆ ನೀರು ಬರುವುದಿಲ್ಲ ಎಂದು ತಿಳಿಸುವವರ ಹಾಗೆ ಹೇಳಿದ್ದಳು: "ಅವಳೇನು ಈಗ ಚಿಕ್ಕ ಮಗು ಅಲ್ಲ. ಮುಂದಿನ ತಿಂಗಳಿಂದ ಬರೋದು ಬಿಡೋದು ಅವಳಿಷ್ಟ. ನಾನಂತೂ ಹೋಗು ಹೋಗು ಅಂತ ದಬ್ಬಲ್ಲ." ಹಾಗಾದರೆ ಇಷ್ಟು ದಿನ ದಬ್ಬುತ್ತಿದ್ದಳೇ ಎಂದು ಕೇಳಬೇಕೆನಿಸಿತ್ತು. "ಸರಿ, ಪರವಾಗಿಲ್ಲ" ಎಂದು ಫೋನ್ ಇಟ್ಟಿದ್ದ. ಪರವಾಗಿಲ್ಲವಂತೆ! ಎದೆಯೊಳಗೆ ಗುದ್ದಲಿ ಬಿದ್ದ ಹಾಗಾಗಿತ್ತು, ಬಾಯಿ ಮಾತ್ರ ಪರವಾಗಿಲ್ಲ ಅಂದಿತ್ತು.

ಸಿನಿಮಾಕ್ಕೆ ಹೋಗುವ ಅಭ್ಯಾಸ ಹತ್ತಿದ್ದು ಮೊದಮೊದಲು ಮಾತು ತೋಚದೆ. ಅವನ ಒಂದು ಕೋಣೆಯ ಮನೆಗೆ ಮಗಳು ಬಂದರೆ ಇಬ್ಬರೂ ಮೇಜಿನ ಆಚೆ ಈಚೆ ಕೂತು, ಓದು ಹೇಗಿದೆ, ಚೆನ್ನಾಗಿದೆ, ಗೆಳತಿಯರು ಹೇಗಿದ್ದಾರೆ, ಇದ್ದಾರೆ, ಅಲ್ಲಿಗೆ ಸರಕು ಖಾಲಿ. ಅದಕ್ಕಿಂತ ಕತ್ತಲ ಚಿತ್ರಮಂದಿರ ವಾಸಿ. ಅಲ್ಲಿ ಮಾತಾಡದೆ ಇರುವುದೇ ಮರ್ಯಾದೆ. ಅವನೇನು ಸಿನಿಮಾದ ಶತ್ರುವಲ್ಲ. ದೀಪ ಆರುವಾಗ ಪ್ರತಿ ಸಲವೂ ಅವನ ಎದೆ ಒಂದು ಕ್ಷಣ ನಿಜವಾಗಿಯೂ ಹಿಗ್ಗುತ್ತಿತ್ತು. ಇವತ್ತಾದರೂ ಏನೋ ಆಗುತ್ತದೆ, ಮನೆಗೆ ಹೋಗುವಾಗ ತಾನು ಬೇರೆಯವನಾಗಿರುತ್ತೇನೆ ಅನ್ನಿಸುತ್ತಿತ್ತು. ಆಮೇಲೆ ಶುರುವಾಗುತ್ತಿತ್ತು ಗದ್ದಲ. ಕಾರುಗಳು ಹಾರುತ್ತಿದ್ದವು, ಕಟ್ಟಡಗಳು ಉರುಳುತ್ತಿದ್ದವು, ಒಬ್ಬನು ನಡೆದು ಬರುವುದನ್ನು ಹತ್ತು ದಿಕ್ಕಿನಿಂದ ತೋರಿಸುತ್ತಿದ್ದರು, ಅವನು ಬಂದು ಮುಟ್ಟುವಷ್ಟರಲ್ಲಿ ಯಾಕೆ ಬಂದ ಎಂಬುದೇ ಮರೆತುಹೋಗುತ್ತಿತ್ತು. ಬೆಟ್ಟ ಅಗೆದು ಇಲಿ ಹಿಡಿದರು ಅನ್ನುತ್ತಾರೆ. ಇಲ್ಲಿ ಇಲಿಯೂ ಇಲ್ಲ, ಬರೀ ಅಗೆತದ ಸದ್ದು. ದೀಪ ಹತ್ತಿದಾಗ ಮಗಳು ಅವನತ್ತ ತಿರುಗಿ ಹುಬ್ಬು ಹಾರಿಸುತ್ತಿದ್ದಳು. "ಹೇಗಿತ್ತಪ್ಪಾ?" "ಚೆನ್ನಾಗಿತ್ತು, ಮರಿ." ಅಷ್ಟು ಹೊತ್ತಿನಲ್ಲಿ ಅವನಾಡಿದ ಒಂದೇ ಮಾತು ಅದು, ಅದೂ ಸುಳ್ಳು.

ಈಗ ಬಂದಿರುವುದಂತೂ ಎಲ್ಲಕ್ಕೂ ಅಪ್ಪ. ವರ್ಷದಿಂದ ಅದರದೇ ಅಬ್ಬರ. ಗೋಡೆ, ಬಸ್ಸಿನ ಬೆನ್ನು, ಬಿಸ್ಕತ್ತಿನ ಪೊಟ್ಟಣ, ಎಲ್ಲಿ ನೋಡಿದರೂ ಗಡ್ಡದ ನಾಯಕ ಕಪ್ಪು ಕನ್ನಡಕ ಹಾಕಿ ಉರಿಯುವ ಊರಿಗೆ ಬೆನ್ನು ಮಾಡಿ ನಿಂತಿದ್ದ. ಅಂಗಡಿಯ ಮಾಲೀಕ ಅದೇ ನಮೂನೆಯ ಕನ್ನಡಕದ ಪೆಟ್ಟಿಗೆಗಳನ್ನು ತರಿಸಿ ಗಾಜಿನ ಕಪಾಟಿನ ತುಂಬ ಜೋಡಿಸಿದ್ದ. "ಸಾರ್, ನೀವೂ ಒಂದು ಹಾಕ್ಕೊಂಡು ಕೂತ್ಕೊಳ್ಳಿ, ವ್ಯಾಪಾರ ಏರತ್ತೆ" ಎಂದು ಕೌಂಟರಿನ ಹುಡುಗಿ ಕಿಚಾಯಿಸಿದ್ದಳು. "ಕಣ್ಣು ಪರೀಕ್ಷೆ ಮಾಡೋನೇ ಕುರುಡನ ಹಾಗೆ ಕಂಡರೆ ಯಾರಮ್ಮ ಬರ್ತಾರೆ?" ಎಂದು ಅವನೂ ನಕ್ಕಿದ್ದ. ನಗುವುದು ಸುಲಭ. ಮೊದಲ ದಿನವೇ ಸಿನಿಮಾ ನೋಡಿ ಬಂದ ಮಾಲೀಕ "ಜನ್ಮ ಸಾರ್ಥಕ ಕಣ್ರೀ" ಎಂದು ಎದೆ ತಟ್ಟಿಕೊಂಡಾಗ, ಇನ್ನೂ ನೋಡಿರದ ಅವನು "ಹೌದು ಹೌದು, ಕೇಳಿದೆ" ಎಂದು ತಲೆಯಾಡಿಸಿದ್ದ. ನೋಡದ ಸಿನಿಮಾಕ್ಕೂ ಹೌದಪ್ಪನಾದವನನ್ನು ಏನೆಂದು ಕರೆಯಬೇಕು?

ಹೀಗೇ ನಡೆದುಕೊಂಡು ಹೋಗುತ್ತಿತ್ತೇನೋ, ಶುಕ್ರವಾರ ಆ ಟೀಚರಮ್ಮ ಬಾರದೆ ಇದ್ದಿದ್ದರೆ. ನಿವೃತ್ತರಾದವರು, ಬಿಳಿ ಕೂದಲನ್ನು ಒಂದೆಳೆ ಕೆದರದಂತೆ ಬಾಚಿಕೊಳ್ಳುವವರು. ಕೆಲವು ವಾರದ ಹಿಂದೆ ಅವರ ಕಣ್ಣು ನೋಡಿದ್ದ. ಅವನ ಕೆಲಸ ನಡೆಯುವುದೇ ಒಂದು ಪ್ರಶ್ನೆಯ ಮೇಲೆ. ಕತ್ತಲ ಕೋಣೆಯಲ್ಲಿ ಗೋಡೆಯ ಅಕ್ಷರಗಳನ್ನು ಬೆಳಗಿಸಿ, ಮೂಗಿನ ಮೇಲೆ ಭಾರದ ಚೌಕಟ್ಟು ಕೂರಿಸಿ, ಗಾಜು ಬದಲಿಸುತ್ತ ಬದಲಿಸುತ್ತ ಕೇಳಬೇಕು: ಇದು ಸ್ಪಷ್ಟವೋ, ಇದೋ? ಯಂತ್ರ ಎಷ್ಟೇ ಹೇಳಲಿ, ಕೊನೆಯ ಮಾತು ಕೂತವರದ್ದು. ಅವರು ನಿಜ ಹೇಳದಿದ್ದರೆ ಅವನ ವಿದ್ಯೆಯೆಲ್ಲ ಹೊಳೆಯಲ್ಲಿ ಹುಣಸೆ ಹಣ್ಣು. ಟೀಚರಮ್ಮ ಎಲ್ಲದಕ್ಕೂ "ಸ್ಪಷ್ಟವಾಗಿದೆ, ಚೆನ್ನಾಗಿದೆ" ಅಂದರು. ಗಾಜು ಪೂರ್ತಿ ಕೂರುವ ಮೊದಲೇ ಅಂದರು. ಅವನಿಗೆ ಗೊತ್ತಾಗಿತ್ತು. ಮತ್ತೊಮ್ಮೆ ಕೇಳಬೇಕಿತ್ತು; ಹೊರಗೆ ಬೆಂಚಿನ ತುಂಬ ಜನ, ಬರೆದು ಮುಗಿಸಿದ. ಶುಕ್ರವಾರ ಮಣಿಕಟ್ಟಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದರು. ಹೊಸ ಕನ್ನಡಕದಲ್ಲಿ ಮೆಟ್ಟಿಲು ಎರಡೆರಡಾಗಿ ಕಂಡು ಬಿದ್ದರಂತೆ. ಜಗಳಕ್ಕೆ ಬಂದಿದ್ದರೆ ಎಷ್ಟೋ ವಾಸಿಯಿತ್ತು. "ನಿಮ್ಮ ತಪ್ಪಲ್ಲಪ್ಪ" ಅಂದರು. "ನೀವು ಪಾಪ ಅಷ್ಟು ಕಷ್ಟಪಟ್ಟು ಒಂದೊಂದೇ ಗಾಜು ಹಾಕ್ತಾ ಇದ್ರಿ. ಚೆನ್ನಾಗಿಲ್ಲ, ಚೆನ್ನಾಗಿಲ್ಲ ಅಂತ ಎಷ್ಟು ಸಲ ಹೇಳೋದು? ಸಂಕೋಚ ಆಯ್ತು." ಅವನ ಕೈಯಲ್ಲಿದ್ದ ಗಾಜು ಹಾಗೇ ನಿಂತಿತು. ಸಂಕೋಚ. ಅವನ ಇಡೀ ಸಂಸಾರವನ್ನು ಯಾರೋ ಒಂದೇ ಮಾತಿನಲ್ಲಿ ಎತ್ತಿ ಅವನ ಮುಂದಿಟ್ಟ ಹಾಗಾಯಿತು. ಹೆಂಡತಿ ಕೇಳುತ್ತಿದ್ದಳು, ಕಿಟಕಿಯ ಪರದೆಗೆ ಈ ಬಣ್ಣ ಹೇಗಿದೆ? ಚೆನ್ನಾಗಿದೆ. ನನ್ನ ತಂಗಿ ಇನ್ನೊಂದು ತಿಂಗಳು ಇಲ್ಲೇ ಇರಲಾ? ಇರಲಿ, ಪರವಾಗಿಲ್ಲ. ನೀವು ಯಾಕೆ ಹೀಗಿದ್ದೀರಿ, ಏನಾದರೂ ಬೇಜಾರಾ? ಏನಿಲ್ಲ, ಚೆನ್ನಾಗೇ ಇದ್ದೀನಿ. ಕೊನೆಗೊಂದು ಸಂಜೆ ಅವಳು ಪಾತ್ರೆ ಒರೆಸುವ ಬಟ್ಟೆಯನ್ನು ಮಡಚಿಟ್ಟು, "ನಿಮ್ಮ ಹತ್ರ ಮಾತಾಡೋದಕ್ಕಿಂತ ಗೋಡೆ ಹತ್ರ ಮಾತಾಡೋದು ಮೇಲು. ಗೋಡೆ ಚೆನ್ನಾಗಿದೆ ಅಂತ ಸುಳ್ಳಾದ್ರೂ ಹೇಳಲ್ಲ. ನಾವು ಬೇರೆ ಆಗೋಣ್ವಾ?" ಎಂದು ಕೇಳಿದಾಗಲೂ ಅವನು, "ನಿನಗೆ ಸರಿ ಅನ್ನಿಸಿದ್ರೆ ಸರಿ" ಎಂದಿದ್ದ. ಬೇಡ ಅನ್ನಬೇಕಿತ್ತು. ಬೇಡ, ಹೋಗಬೇಡ, ಆ ಪರದೆಯ ಬಣ್ಣ ನನಗೆ ಒಂದು ದಿನವೂ ಇಷ್ಟವಾಗಲಿಲ್ಲ, ಆದರೆ ಹೋಗಬೇಡ ಅನ್ನಬೇಕಿತ್ತು. ಊರೆಲ್ಲ ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರೇನು ಬಂತು. ಟೀಚರಮ್ಮನನ್ನು ಮತ್ತೆ ಕೂರಿಸಿ, ಬೆಂಚಿನಲ್ಲಿದ್ದವರು ಗೊಣಗಿದರೂ ಲೆಕ್ಕಿಸದೆ, "ಅಮ್ಮಾ, ಇಲ್ಲ ಅನ್ನಿ. ನೀವು ಇಲ್ಲ ಅಂದರೇನೇ ನನಗೆ ಉಪಕಾರ" ಎಂದು ಗೋಗರೆದು ಪರೀಕ್ಷೆ ಮುಗಿಸಿದ್ದ. ಅವತ್ತೇ ಅವನೊಳಗೆ ಏನೋ ಗಟ್ಟಿಯಾಗಿತ್ತು. ಮಗಳಿಗೆ ಹೇಳಬೇಕು. ಬಂದರೂ ಹೇಳಬೇಕು, ಬರುವುದು ಬಿಟ್ಟರೂ ಹೇಳಬೇಕು.

ಹೇಳಬೇಕು ಅಂದುಕೊಂಡದ್ದು ಸಿನಿಮಾಕ್ಕೆ ಮೊದಲೇ. ಆದರೆ ಮಗಳು ಬಂದವಳೇ ಟಿಕೆಟ್ಟಿನ ಚಿತ್ರ ಫೋನಿನಲ್ಲಿ ತೋರಿಸಿ, "ಎಷ್ಟು ಕಷ್ಟಪಟ್ಟೆ ಗೊತ್ತಾ ಈ ಸೀಟಿಗೆ! ನಟ್ಟನಡುವೆ!" ಅಂದಳು. ಹದಿನಾರು ವರ್ಷದ ಹುಡುಗಿ, ಅವಳ ತಾಯಿಯದೇ ಗಲ್ಲ, ಅವನದೇ ಗೂನು. ಬಾಯಿಗೆ ಬಂದ ಮಾತನ್ನು ನುಂಗಿಕೊಂಡು ಹಿಂದೆ ನಡೆದ. ಚಿತ್ರಮಂದಿರ ಕಿಕ್ಕಿರಿದಿತ್ತು. ನಾಯಕ ಕಾಣಿಸಿಕೊಳ್ಳುವ ಮೊದಲೇ ಶಿಳ್ಳೆ, ಕಾಗದದ ಚೂರು, ಕುಣಿತ. ಮಗಳೂ ಎದ್ದು ನಿಂತಳು. ಸುತ್ತ ಎಲ್ಲರೂ ನಿಂತದ್ದರಿಂದ ಅವನಿಗೆ ಮುಂದಿನವನ ಬೆಲ್ಟು ಮಾತ್ರ ಕಾಣುತ್ತಿತ್ತು. ನಿಲ್ಲಬೇಕೋ ಕೂರಬೇಕೋ ತಿಳಿಯದೆ ಅರ್ಧ ಎದ್ದು ಹಾಗೇ ಬಾಗಿಕೊಂಡಿದ್ದ. ಹಿಂದಿನಿಂದ ಯಾರೋ "ಅಂಕಲ್, ಒಂದೋ ಏಳಿ, ಒಂದೋ ಕೂತ್ಕೊಳ್ಳಿ" ಅಂದರು, ನಾಲ್ಕಾರು ಜನ ನಕ್ಕರು. ಕೂತ. ಪರದೆಯ ಮೇಲೆ ನಡುರಾತ್ರಿ, ಸುರಂಗದೊಳಗೆ, ನಾಯಕ ಕಪ್ಪು ಕನ್ನಡಕ ಹಾಕಿಕೊಂಡು ನಡೆದು ಬರುತ್ತಿದ್ದ. ಇವನಿಗೆ ಏನು ಕಂಡೀತು, ಎಡವುತ್ತಾನಲ್ಲ ಎಂದು ಅವನ ಕಸುಬಿನ ಮನಸ್ಸು ಗಾಬರಿಯಾಯಿತು. ನಾಯಕ ಎಡವಲಿಲ್ಲ. ನೂರು ಜನರನ್ನು ಹೊಡೆದ. ಆಮೇಲೆ ಇನ್ನೂ ನೂರು ಜನ ಬಂದರು. ಹಿಮ್ಮೇಳದ ಸದ್ದು ಕುರ್ಚಿಯ ಕಾಲಿನಿಂದ ಹತ್ತಿ ಹಲ್ಲಿಗೆ ಬರುತ್ತಿತ್ತು. ತಾಯಿಯೊಬ್ಬಳು ಅಳುತ್ತಿದ್ದಳು; ಯಾಕೆ ಎಂದು ತಿಳಿಯುವ ಮೊದಲೇ ಹೆಲಿಕಾಪ್ಟರ್ ಬಂತು. ಚಿಕ್ಕಂದಿನಲ್ಲಿ ಶಾಲೆಯ ಅಂಗಳದಲ್ಲಿ ಬಟ್ಟೆ ಕಟ್ಟಿ ತೋರಿಸಿದ್ದ ಯಾವುದೋ ಸಿನಿಮಾ ಅವನಿಗೆ ನೆನಪಾಯಿತು: ಹೆಂಡತಿ ಸತ್ತವನೊಬ್ಬ ಅವಳ ಲೋಟವನ್ನು ತೊಳೆಯುತ್ತಾನೆ, ತೊಳೆಯುತ್ತಲೇ ಇರುತ್ತಾನೆ. ಅಷ್ಟೇ. ಹೆಸರು ನೆನಪಿಲ್ಲ, ಕತೆ ನೆನಪಿಲ್ಲ. ಅಕ್ಕನ ಮಡಿಲಲ್ಲಿ ಮುಖ ಹುದುಗಿಸಿ ಬಿಕ್ಕಿದ್ದು ನೆನಪಿದೆ. ಇಲ್ಲಿ ಇಷ್ಟೆಲ್ಲ ಉರಿಯುತ್ತಿತ್ತು, ಅವನಿಗೆ ಕಾಲು ಜೋಮು ಹಿಡಿದದ್ದು ಬಿಟ್ಟರೆ ಏನೂ ಆಗುತ್ತಿರಲಿಲ್ಲ. ಮಗಳು ನಡುನಡುವೆ ಅವನ ಮುಖ ನೋಡುತ್ತಿದ್ದಳು. ನೋಡಿದಾಗಲೆಲ್ಲ ಅವನು ಬೆರಗಾದವನಂತೆ ಬಾಯಿ ತೆರೆಯುತ್ತಿದ್ದ. ನಾಲ್ಕನೆಯದೋ ಐದನೆಯದೋ ಸಲ ಹಾಗೆ ತೆರೆದಾಗ, ಟೀಚರಮ್ಮನ ಪ್ಲಾಸ್ಟರಿನ ಕೈ ನೆನಪಾಗಿ, ಬಾಯಿ ಮುಚ್ಚಿಕೊಂಡ.

ಮಧ್ಯಂತರದ ದೀಪ ಹತ್ತಿತು. ಹೊರಗಿನ ಹಜಾರದಲ್ಲಿ ಪಾಪ್‌ಕಾರ್ನಿನ ಸಾಲು ಗೋಡೆಯವರೆಗೂ ಹೋಗಿತ್ತು. ಮಗಳು ಉಸಿರು ಬಿಡದೆ ಮಾತಾಡುತ್ತಿದ್ದಳು. ಅವಳನ್ನು ನಿಲ್ಲಿಸಲು ಅವನು ಅವಳ ತೋಳು ಹಿಡಿಯಬೇಕಾಯಿತು.

"ಮರಿ, ಒಂದ್ನಿಮಿಷ. ನಾನು ಒಳಗೆ ಬರಲ್ಲ."

"ಯಾಕೆ? ತಲೆನೋವಾ?"

ತಲೆನೋವು ಅಂದರೆ ಮುಗಿದುಹೋಗುತ್ತಿತ್ತು. ಎಷ್ಟು ಒಳ್ಳೆಯ ತಲೆನೋವು, ಕೈಗೆಟುಕುವಷ್ಟು ಹತ್ತಿರ. "ಇಲ್ಲ. ನನಗೆ ಈ ಸಿನಿಮಾ ಇಷ್ಟ ಆಗ್ತಾ ಇಲ್ಲ."

ಅವಳು ನಕ್ಕಳು. ಅವನು ನಗಲಿಲ್ಲ.

"ತಮಾಷೆ ಮಾಡ್ಬೇಡಪ್ಪಾ. ಸೆಕೆಂಡ್ ಹಾಫ್ ಇನ್ನೂ ಸೂಪರ್ ಅಂತೆ."

"ಇರಬಹುದು. ನನಗೆ ಬೇಡ. ನೀನು ನೋಡಿ ಬಾ, ಇಲ್ಲೇ ಕೂತಿರ್ತೀನಿ."

"ಹೋದ ಸಲದ್ದು?"

"ಅದೂ ಇಷ್ಟ ಆಗಿರಲಿಲ್ಲ."

"ಅದರ ಹಿಂದಿನದು? ಆ ಹಡಗಿನ ಸಿನಿಮಾ? ನೀನು ಚಪ್ಪಾಳೆ ಹೊಡೆದೆ!"

"ನೀನು ಹೊಡೆದೆ ಅಂತ ಹೊಡೆದೆ."

ಅವಳ ಮುಖದ ಬಣ್ಣ ಇಳಿಯುತ್ತ ಹೋದದ್ದನ್ನು ಅವನು ಕಣ್ಣು ತಪ್ಪಿಸದೆ ನೋಡಿದ. "ಮತ್ತೆ ಎಲ್ಲಾದಕ್ಕೂ ಚೆನ್ನಾಗಿತ್ತು, ಚೆನ್ನಾಗಿತ್ತು ಅಂದ್ಯಲ್ಲ. ಹಾಗಾದ್ರೆ ಯಾವ್ದು ನಿಜ? ನಾನು ಬರೋದು ಚೆನ್ನಾಗಿರತ್ತೆ ಅಂತೀಯಲ್ಲ, ಅದೂ ಹೀಗೇನಾ?" ಸಾಲಿನಲ್ಲಿದ್ದವರು ತಿರುಗಿ ನೋಡಿದರು. ಅವಳು ದನಿ ತಗ್ಗಿಸಿದಳು, ಅದು ಇನ್ನೂ ಕೆಟ್ಟದಾಗಿ ನಾಟಿತು. "ಅಮ್ಮನ ಹತ್ರಾನೂ ಹೀಗೇ ಮಾಡ್ತಿದ್ಯಾ?"

"ಹೌದು," ಅಂದ. "ಹೀಗೇ ಮಾಡ್ತಿದ್ದೆ. ಅದಕ್ಕೇ ಇವತ್ತು ಹೇಳಿದ್ದು."

ಅವಳು ತಿರುಗಿ ಒಳಗೆ ಹೋದಳು. ಬಾಗಿಲು ತಾನಾಗಿ ಮುಚ್ಚಿಕೊಳ್ಳುವ ಜಾತಿಯದು, ಧಡಾರೆನ್ನಿಸಲೂ ಅವಳಿಗೆ ಅವಕಾಶವಿರಲಿಲ್ಲ. ಹಜಾರ ಖಾಲಿಯಾಯಿತು. ಗೋಡೆಗಂಟಿದ ಬೆಂಚಿನಲ್ಲಿ ಕೂತ. ಒಳಗಿನ ಗುಡುಗು ಗೋಡೆಯನ್ನು ದಾಟಿ ಬೆನ್ನಿಗೆ ತಾಕುತ್ತಿತ್ತು. ಎಂಥ ಮೂರ್ಖ ನೀನು, ಅಂದಿತು ಒಳಮನಸ್ಸು. ಇದ್ದುದೇ ಎರಡು ವಾರಕ್ಕೊಂದು ಮಧ್ಯಾಹ್ನ, ಅದನ್ನೂ ಕೈಯಾರೆ ಹೊಸಕಿ ಹಾಕಿದೆ. ಎದ್ದು ಹೋಗು, ಪಕ್ಕದಲ್ಲಿ ಕೂತುಕೊ, ತಮಾಷೆ ಮಾಡಿದೆ ಅನ್ನು, ಆ ಹೆಲಿಕಾಪ್ಟರ್ ದೃಶ್ಯ ಮಾತ್ರ ಅದ್ಭುತ ಅನ್ನು. ಕಾಲು ನಿಜವಾಗಿಯೂ ಎದ್ದಿತು. ಬಾಗಿಲ ಹಿಡಿಯವರೆಗೂ ಹೋದ. ಹಿಡಿ ತಣ್ಣಗಿತ್ತು. ಹೋಗಲ್ಲ, ಅಂದುಕೊಂಡ. ಅವಳು ಬರುವುದು ಬಿಟ್ಟರೆ ಬಿಡಲಿ. ಅಳುತ್ತೇನೆ, ಬೇಡಿಕೊಳ್ಳುತ್ತೇನೆ, ಆದರೆ ಸುಳ್ಳು ಹೇಳಿ ಉಳಿಸಿಕೊಳ್ಳುವುದಿಲ್ಲ. ಹಾಗೆ ಉಳಿಸಿಕೊಳ್ಳಲು ಹೋಗಿ ಒಬ್ಬಳನ್ನು ಕಳೆದುಕೊಂಡದ್ದು ಸಾಲದೇ?

ನೆಲ ಒರೆಸುವ ಹೆಂಗಸು ಬಕೆಟ್ ಎಳೆದುಕೊಂಡು ಬಂದಳು. "ಟಿಕೆಟ್ ಸಿಗಲಿಲ್ವಾ ಅಣ್ಣಾ?"

"ಸಿಕ್ತು. ಎದ್ದು ಬಂದೆ."

ಅವಳು ಕೋಲಿಗೆ ಗಲ್ಲ ಊರಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಈ ಸಿನಿಮಾದಿಂದ ಎದ್ದು ಬಂದೋರನ್ನ ನಾನು ಇವತ್ತೇ ಕಂಡಿದ್ದು. ಹೊಟ್ಟೆ ಕೆಟ್ಟಿದ್ಯಾ?"

"ಇಲ್ಲಮ್ಮ. ಚೆನ್ನಾಗಿರಲಿಲ್ಲ."

"ಅಯ್ಯೋ, ಮೆಲ್ಲಗೆ ಹೇಳಿ, ಹುಡುಗರು ಕೇಳಿಸಿಕೊಂಡ್ರೆ ಹೊಡೀತಾರೆ," ಎಂದು ನಕ್ಕು, "ಕಾಲೆತ್ತಿ" ಎಂದು ಅವನ ಪಾದದಡಿಯ ನೆಲ ಒರೆಸಿ ಮುಂದೆ ಹೋದಳು. ಎರಡನೆಯ ಸಲ ಹೇಳುವುದು ಮೊದಲಿನಷ್ಟು ಕಷ್ಟವಾಗಲಿಲ್ಲ ಎಂದು ಅವನಿಗೆ ಆಗ ಹೊಳೆಯಿತು.

ಸಿನಿಮಾ ಬಿಟ್ಟಾಗ ಜನ ಪ್ರವಾಹದ ಹಾಗೆ ಬಂದರು. ಮಗಳು ಎಲ್ಲರಿಗಿಂತ ಕೊನೆಗೆ ಬಂದಳು. ಕಣ್ಣು ಕೆಂಪಾಗಿತ್ತು, ಸಿನಿಮಾದಿಂದಲೋ ತನ್ನಿಂದಲೋ ಎಂದು ಕೇಳುವ ಧೈರ್ಯವಾಗಲಿಲ್ಲ. ಬೀದಿಗಿಳಿದು ಬಸ್ ನಿಲ್ದಾಣದ ಕಡೆ ನಡೆದರು. ಅವಳು ನಾಲ್ಕು ಹೆಜ್ಜೆ ಮುಂದೆ, ಅವನು ಹಿಂದೆ. ಮುಚ್ಚಿದ ಬ್ಯಾಂಕು, ಬೂಟಿನ ಅಂಗಡಿ, ಗಡ್ಡದ ನಾಯಕನ ಗೋಡೆ, ಎಲ್ಲ ದಾಟಿತು. ನಿಲ್ದಾಣದಲ್ಲಿ ಅವಳು ಕಂಬಕ್ಕೆ ಒರಗಿ ರಸ್ತೆ ನೋಡುತ್ತ ನಿಂತಳು, ಅವನು ಬೆಂಚಿನಲ್ಲಿ ಕೂತ.

"ಆ ತಾಯಿ ಯಾಕೆ ಅಳ್ತಾ ಇದ್ಲು?" ಎಂದು ಕೇಳಿದ.

"ನಿಂಗ್ಯಾಕೆ? ನಿಂಗೆ ಇಷ್ಟ ಆಗಲಿಲ್ವಲ್ಲ."

"ಸಿನಿಮಾ ಇಷ್ಟ ಆಗಲಿಲ್ಲ. ನಿನಗೆ ಅದರಲ್ಲಿ ಏನು ಇಷ್ಟ ಆಯ್ತು ಅಂತ ಗೊತ್ತಾಗಬೇಕು. ಇಷ್ಟು ದಿನ ನಾನು ಅದನ್ನ ಕೇಳಲೇ ಇಲ್ಲ."

ಅವಳು ರಸ್ತೆಗೆ ಹೇಳುವವಳಂತೆ ಹೇಳಿದಳು: "ಅವಳಿಗೆ ಇಬ್ರು ಮಕ್ಕಳು. ಒಬ್ಬನ್ನ ಉಳಿಸ್ಕೋಬೇಕು ಅಂದ್ರೆ ಇನ್ನೊಬ್ಬನ್ನ ಬಿಟ್ಟು ಓಡಬೇಕಿತ್ತು. ಬಿಟ್ಟು ಓಡಿದ್ಲು. ಬಿಟ್ಟಿದ್ದು ಇವನನ್ನೇ, ಹೀರೋನ. ಅದು ಅವನಿಗೆ ಗೊತ್ತು, ಆದ್ರೆ ಗೊತ್ತಿಲ್ಲ ಅನ್ನೋ ಹಾಗೆ ಇರ್ತಾನೆ." ಹೇಳುತ್ತ ಹೇಳುತ್ತ ಅವಳ ಕೈಗಳು ಜೇಬಿನಿಂದ ಹೊರಗೆ ಬಂದವು. ಅವಳು ಹೊಡೆದಾಟಗಳನ್ನೆಲ್ಲ "ಆಮೇಲೆ ಜಗಳ ಆಗತ್ತೆ" ಎಂದು ಒಂದೇ ಉಸಿರಿನಲ್ಲಿ ದಾಟಿಸುತ್ತಿದ್ದಳು. ಒಬ್ಬ ಪೊಲೀಸಿನವನ ಕತೆಯನ್ನು ಮಾತ್ರ ಎಳೆದೆಳೆದು ಹೇಳಿದಳು. ಅವಳು ನೋಡಿದ ಸಿನಿಮಾದಲ್ಲಿ ಹೆಲಿಕಾಪ್ಟರೇ ಇರಲಿಲ್ಲ. ತಾಯಿ ಬಿಟ್ಟುಹೋಗಿದ್ದ ಮಗ ಒಂದು ಬಾಗಿಲ ಹೊರಗೆ ನಿಂತಿದ್ದ, ತಟ್ಟಲೋ ಬೇಡವೋ ಎಂದು. ಅವಳ ದನಿ ಅಲ್ಲಿ ಸ್ವಲ್ಪ ಒಡೆಯಿತು. ಬಸ್ಸು ಬಂದು ನಿಂತು ಹೋಯಿತು. ಇಬ್ಬರೂ ಅದನ್ನು ನೋಡಿದರು, ಯಾರೂ ಹತ್ತಲಿಲ್ಲ.

"ಬೋರಾದ್ರೆ ಹೇಳು," ಅಂದಳು, ಅವನ ಮುಖವನ್ನು ಓರೆಗಣ್ಣಿನಿಂದ ಪರೀಕ್ಷಿಸುತ್ತ.

"ಆ ಪೊಲೀಸಿನವನ ಕತೆ ಬೋರಾಯ್ತು. ಅದನ್ನ ಬಿಡು. ಬಾಗಿಲ ಹತ್ರ ನಿಂತಿದ್ದು ಹೇಳಿದ್ಯಲ್ಲ, ಅದು ಚೆನ್ನಾಗಿತ್ತು."

"ನಿಜವಾಗ್ಲೂ?"

"ನಿಜವಾಗ್ಲೂ."

ಅವಳು ತಕ್ಷಣ ನಂಬಲಿಲ್ಲ. ನಂಬಬೇಕಾಗಿಯೂ ಇರಲಿಲ್ಲ. ಬೆಂಚಿನ ಮೇಲೆ ಅವನ ಪಕ್ಕ ಬಂದು ಕೂತಳು, ಅಷ್ಟೇ. ಅಷ್ಟರಲ್ಲಿ ಅವಳ ಫೋನ್ ಹೊಡೆದುಕೊಂಡಿತು, ತಾಯಿಯದು. ಮಗಳು ಒಂದು ಗಳಿಗೆ ಯೋಚಿಸಿ ಅದನ್ನು ಅವನ ಕೈಗೆ ಕೊಟ್ಟಳು.

"ಸಿನಿಮಾ ಬಿಟ್ಟು ಆಗಲೇ ಎಷ್ಟೊತ್ತಾಯ್ತು," ಎಂದಿತು ಆ ಕಡೆಯ ದನಿ. "ಎಲ್ಲಿದ್ದಾಳೆ?"

"ನನ್ನ ಪಕ್ಕದಲ್ಲೇ ಇದ್ದಾಳೆ. ಬಸ್ ಸ್ಟಾಪಿನಲ್ಲಿ. ಬಸ್ಸು ಬಂತು, ನಾವೇ ಹತ್ತಲಿಲ್ಲ. ಅವಳು ಕತೆ ಹೇಳ್ತಾ ಇದ್ದಾಳೆ."

"ಯಾರಿಗೆ? ನೀವೂ ನೋಡಿದ್ರಲ್ಲ?"

"ಅರ್ಧಕ್ಕೇ ಎದ್ದು ಬಂದೆ. ನನಗೆ ಇಷ್ಟ ಆಗಲಿಲ್ಲ."

ಆ ಕಡೆ ಯಾವುದೋ ನಲ್ಲಿ ಸುರಿಯುತ್ತಿತ್ತು. ಅದನ್ನು ನಿಲ್ಲಿಸಿದ ಸದ್ದು ಕೇಳಿಸಿತು. "ಅವಳಿಗೆ ಹಾಗೇ ಹೇಳಿದ್ರಾ? ಬಾಯಿಬಿಟ್ಟು?"

"ಹೇಳಿದೆ."

"ನನಗೂ ಒಂದು ಸಲ ಹೇಳಬಹುದಾಗಿತ್ತು," ಅಂದಳು. ಸಿಟ್ಟಿರಲಿಲ್ಲ, ಅದನ್ನೇ ಅವನಿಗೆ ತಡೆಯಲಾಗಲಿಲ್ಲ.

"ಹೇಳಬೇಕಾಗಿತ್ತು," ಅಂದ. "ನಿನ್ನನ್ನ ಹೋಗಬೇಡ ಅನ್ನಬೇಕಾಗಿತ್ತು."

"ಈಗ ಅದೆಲ್ಲ ಬೇಡ," ಅಂದಳು. ನಲ್ಲಿಯನ್ನು ಮತ್ತೆ ತಿರುಗಿಸುತ್ತ, "ಅವಳ ಕತೆ ಮುಗಿಯಲಿ. ಆಮೇಲೆ ಕರ್ಕೊಂಡು ಬನ್ನಿ."

ಅವನು ಫೋನನ್ನು ಮಗಳಿಗೆ ಕೊಟ್ಟು ಮುಖವನ್ನು ಎರಡೂ ಕೈಗಳಿಂದ ಉಜ್ಜಿಕೊಂಡ. ಮಗಳು ಎಲ್ಲ ಕೇಳಿಸಿಕೊಂಡಿದ್ದಳು; ಕೇಳಿಸಿಕೊಂಡಿಲ್ಲವೆಂದು ನಟಿಸಲಿಲ್ಲ. ಅವನ ಅಂಗಿಯ ತೋಳನ್ನು ಒಮ್ಮೆ ಜಗ್ಗಿದಳು.

"ಮುಂದಿನ ಸಲ ಏನು ಮಾಡೋದು ಅಂತ ನೀನು ಆರಿಸು. ಆದ್ರೆ ನಂಗಿಷ್ಟ ಆಗ್ಲಿಲ್ಲ ಅಂದ್ರೆ ನಾನೂ ಅರ್ಧಕ್ಕೇ ಎದ್ದು ಹೋಗ್ತೀನಿ, ಈಗ್ಲೇ ಹೇಳಿದೀನಿ."

"ಹೋಗು," ಅಂದ. ದನಿ ನಡುಗಿತು, ನಡುಗಲಿ ಎಂದು ಬಿಟ್ಟ. "ಹೋಗೋ ಮೊದಲು ನನಗೆ ಹೇಳಿ ಹೋಗು."